ಹಿತ್ತಿಲಲ್ಲಿ ಕುಡಿದ ಕಷಾಯ

ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ದಿನಗಳು. ಬೆಳಗಿನ ಹಾಲು ಕರೆದು ಮುಗಿದಿತ್ತು, ಬೀದಿಯ ನಲ್ಲಿಯಲ್ಲಿ ನೀರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಆ ಬಿಡುವಿನಲ್ಲಿ ಬೇರಮ್ಮ ಒಲೆಯ ಮೇಲೆ ಎರಡನೆಯ ಗಡಿಗೆ ಇಟ್ಟಳು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಮೊದಲನೆಯ ಗಡಿಗೆ ಆ ಮನೆಗೆ ಹೊಸದಲ್ಲ. ದೊಡ್ಡದು, ತಳ ಕಪ್ಪಾದದ್ದು, ಮೇಕೆಗಳ ಗಡಿಗೆ. ಹಿತ್ತಿಲ ಬೇಲಿಗೆ ಹಬ್ಬಿದ ಬಳ್ಳಿಯ ಬೇರು, ಒಂದು ಹಿಡಿ ಮೆಂತ್ಯ, ಒಣಗಿಸಿಟ್ಟ ಯಾವುದೋ ಹೂವು, ಇಷ್ಟನ್ನು ಜಜ್ಜಿ ಕುದಿಸಿ ಅರ್ಧಕ್ಕೆ ಇಳಿಸಿ ಕುಡಿಸಿದರೆ ಬೆದೆಗೆ ಬಾರದ ಮೇಕೆ ಬೆದೆಗೆ ಬರುತ್ತದೆ, ಗಬ್ಬ ನಿಲ್ಲದ್ದು ನಿಲ್ಲುತ್ತದೆ ಎಂದು ಸುತ್ತಲಿನ ಮೇಕೆಯವರೆಲ್ಲ ನಂಬಿದ್ದರು. ಬೇರು ಬೇರು ಎಂದು ಹೇಳಿ ಹೇಳಿಯೇ ಅವಳು ಬೇರಮ್ಮನಾದದ್ದು. ಅವಳ ನಿಜವಾದ ಹೆಸರು ಅವಳ ಗಂಡನಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಎರಡನೆಯ ಗಡಿಗೆ ಚಿಕ್ಕದು, ಹೊಚ್ಚ ಹೊಸದು. ಅದು ಸೊಸೆಯದು.

"ಏನೇ ಅದು, ಒಲೆ ಮೇಲೆ ಮರಿ ಹಾಕಿದೆಯಲ್ಲ ಗಡಿಗೆ," ಎಂದ ಗಂಡ. ಅವನು ದರ್ಜಿ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರೂ ಹೊಲಿಗೆ ಯಂತ್ರವನ್ನು ಮನೆಯ ಕಿಟಕಿಯ ಹತ್ತಿರ ಹಾಕಿಕೊಂಡು ಬೀದಿಯವರ ಬಟ್ಟೆ ಉದ್ದ ಗಿಡ್ಡ ಮಾಡುತ್ತಿದ್ದ.

"ಮರಿ ಆಗ್ಲಿ ಅಂತಲೇ ಇಟ್ಟಿರೋದು. ನೀವು ಸುಮ್ನೆ ಸೂಜಿಗೆ ದಾರ ಪೋಣಿಸಿ."

"ಅದು ಪೋಣಿಸಕ್ಕೆ ಬಂದಿದ್ರೆ ನಿನ್ನ ಹತ್ರ ಯಾಕೆ ಮಾತಾಡ್ತಿದ್ದೆ?"

ಮಗನ ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ತೊಟ್ಟಿಲು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಊರಿನ ಮೇಕೆಗಳಿಗೆಲ್ಲ ಮರಿ ಕೊಡಿಸುವವಳ ಮನೆಯಲ್ಲೇ ಹೀಗೆ ಎಂದು ನಲ್ಲಿಯ ಬಳಿ ಯಾರೋ ಅಂದದ್ದು ಬೇರಮ್ಮನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಸೊಸೆ ಹಾಲಿನ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಜನ ತಂದ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು, ನೀರು ಬೆರೆತಿದೆಯೋ ಇಲ್ಲವೋ ನೋಡಿ ಆಮೇಲೆ ಅಳೆಸುವ ಕೆಲಸ. ಪರೀಕ್ಷೆ ಮಾಡದೆ ಸ್ವಂತ ಅತ್ತೆಯ ಹಾಲನ್ನೂ ಡಬ್ಬಿಗೆ ಸುರಿಯಗೊಡದವಳು. ಅಂಥವಳ ಮುಂದೆ ಬೇರಮ್ಮ ಲೋಟ ಹಿಡಿದು ನಿಂತಳು.

"ಬೆಲ್ಲ ಹಾಕಿದೀನಿ. ಮೂಗು ಮುಚ್ಕೊಂಡು ಒಂದೇ ಗುಟುಕಿಗೆ ಎತ್ತಿಬಿಡು."

ಸೊಸೆ ಲೋಟದೊಳಕ್ಕೆ ನೋಡಿದಳು. "ಅತ್ತೆ, ನಾನು ಆಸ್ಪತ್ರೆಗೆ ಹೋಗಿ ಬಂದಿದ್ದೀನಿ. ಡಾಕ್ಟ್ರು ಎಲ್ಲ ನೋಡಿ, ನಿಮ್ಮಲ್ಲಿ ಏನೂ ತೊಂದರೆ ಕಾಣ್ತಿಲ್ಲ, ಮುಂದಿನ ಸಲ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು. ಇವರು ಬರ್ತಾ ಇಲ್ಲ. ನೀವು ಅವರಿಗೆ ಹೇಳಿ."

ಮಗ ಪಂಪು ರಿಪೇರಿ ಮಾಡುವವನು. ಅವನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವನು, ಸಿಕ್ಕಿದ ಮೇಲೂ ಹುಡುಕುತ್ತಲೇ ಇದ್ದ. "ಈಗ ಎಲ್ಲಿ ಬಿಡುವು? ಮಳೆ ನಿಂತಿದೆ, ಊರಿಗೆ ಊರೇ ಪಂಪು ಹೊತ್ಕೊಂಡು ಬರೋ ಕಾಲ."

"ಮಳೆಗಾಲದಲ್ಲಿ ಕೇಳ್ದಾಗ ಮಳೆ ಅಂದ್ರಿ."

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ," ಎಂದು ಅವನು ಹೊರಟೇ ಹೋದ, ಒಂದು ಕಾಲಿಗೆ ಅಪ್ಪನ ಚಪ್ಪಲಿ ಮೆಟ್ಟಿಕೊಂಡು.

"ಗಂಡಸರನ್ನ ಆಸ್ಪತ್ರೆಗೆ ಎಳೀಬೇಡಮ್ಮ," ಎಂದಳು ಬೇರಮ್ಮ. "ನಮ್ಮನೆ ಕೈಯಲ್ಲೇ ಔಷಧಿ ಇರುವಾಗ ಅಲ್ಲಿ ಇಲ್ಲಿ ಯಾಕೆ? ಕುಡಿ."

ಸೊಸೆ ಅತ್ತೆಯ ಮುಖ ನೋಡಿದಳು. ಲೋಟ ಇಸಿದುಕೊಂಡಳು. "ಇಲ್ಲಿ ಆಗಲ್ಲ. ವಾಸನೆಗೆ ಹೊಟ್ಟೆ ತೊಳೆಸುತ್ತೆ. ಹಿತ್ತಿಲಲ್ಲಿ ಗಾಳಿಗೆ ನಿಂತು ಕುಡೀತೀನಿ." ಹೋದಳು, ಬಂದಳು. ಲೋಟ ಖಾಲಿ. ಬೇರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹಿತ್ತಿಲೆಂದರೆ ಮನೆಯ ಬೆನ್ನಿಗೆ ಅಂಟಿದ ತಗಡಿನ ಕೊಟ್ಟಿಗೆ, ಬಟ್ಟೆ ಒಗೆಯುವ ಕಲ್ಲು, ಬೇಲಿ. ಬಾಗಿಲಿಗೆ ಹತ್ತಿರವಿದ್ದ ಗೂಟ ಹೋತದ್ದು. ಅದಕ್ಕೆ ಸಾಹುಕಾರ ಎಂದು ಹೆಸರು. ಎದೆಯವರೆಗೆ ಗಡ್ಡ, ಹಿಂದಕ್ಕೆ ಬಾಗಿದ ಕೊಂಬು, ತಗಡಿನ ಗೋಡೆ ದಾಟಿ ಬೀದಿಗೆ ಬರುವ ವಾಸನೆ. ಬೆದೆಯ ಕಾಲ ಬಂತೆಂದರೆ ಜನ ತಮ್ಮ ಮೇಕೆಗಳನ್ನು ಹಗ್ಗ ಹಿಡಿದು ಅದರ ಬಳಿಗೆ ಕರೆತರುತ್ತಿದ್ದರು. ಅದಕ್ಕೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ದರ್ಜಿ ಬೆನ್ನು ತಿರುಗಿಸಿ ಮುಖ ತೊಳೆಯಲು ಬಗ್ಗಿದರೆ ಸಾಕು, ಗುದ್ದು ಬಿದ್ದಿರುತ್ತಿತ್ತು. "ಈ ಮನೇಲಿ ನನಗೆ ಬೆನ್ನಿಲ್ಲದ ಹಾಗೆ ಮಾಡಿದೆ ಈ ಪ್ರಾಣಿ," ಎಂದು ಅವನು ಗೊಣಗುವುದು, "ನಿಮಗೆ ಮೊದಲೇ ಇರ್ಲಿಲ್ಲ ಬಿಡಿ," ಎಂದು ಬೇರಮ್ಮ ಒಳಗಿನಿಂದ ಹೇಳುವುದು, ವರ್ಷ ವರ್ಷ ನಡೆದದ್ದೇ.

ಔಷಧಿಯ ವಿಷಯದಲ್ಲಿ ಬೇರಮ್ಮನದು ಒಂದು ಕಟ್ಟುನಿಟ್ಟಿತ್ತು. ಗಬ್ಬ ನಿಲ್ಲುತ್ತಿಲ್ಲ ಎಂದು ಯಾರಾದರೂ ಮೇಕೆ ತಂದರೆ, ಅವಳು ಮೇಕೆಯನ್ನು ಮುಟ್ಟುವ ಮೊದಲು ಹೋತದ ವಿಚಾರ ಕೇಳುತ್ತಿದ್ದಳು. ಯಾವ ಹೋತಕ್ಕೆ ಬಿಟ್ಟಿದ್ದಿರಿ, ಅದರಿಂದ ಈ ವರ್ಷ ಬೇರೆ ಮೇಕೆಗೆ ಮರಿಯಾಗಿದೆಯಾ, ಅದು ಮೇವು ತಿನ್ನುತ್ತಿದೆಯಾ, ಕುಂಟುತ್ತಿದೆಯಾ. ಅದೆಲ್ಲ ಸರಿಯಿದೆ ಎಂದಾದ ಮೇಲೆಯೇ ಗಡಿಗೆಗೆ ಕೈ. ಸುಮ್ಮಸುಮ್ಮನೆ ಹೆಣ್ಣುಪ್ರಾಣಿಯ ಗಂಟಲಿಗೆ ಕಹಿ ಸುರಿಯುವುದು ತನಗೆ ಆಗದ ಕೆಲಸ ಎಂದು ಅವಳು ಎದೆಯುಬ್ಬಿಸಿ ಹೇಳುತ್ತಿದ್ದಳು. ಜನ ಅದಕ್ಕೇ ಅವಳನ್ನು ನಂಬಿದ್ದು.

ದಿನಗಳು ಉರುಳಿದವು. ಬೆಳಿಗ್ಗೆ ಚಿಕ್ಕ ಗಡಿಗೆ ಕುದಿಯುವುದು, ಸೊಸೆ ಲೋಟ ಹಿಡಿದು ಹಿತ್ತಿಲಿಗೆ ಹೋಗುವುದು, ಖಾಲಿ ಲೋಟದೊಂದಿಗೆ ಬಂದು ಬಾಯಿ ಮುಕ್ಕಳಿಸುವುದು ಮನೆಯ ಪದ್ಧತಿಯೇ ಆಯಿತು. ಬೇರಮ್ಮ ಸೊಸೆಗೆ ನೀರಿನ ಕೊಡ ಎತ್ತಗೊಡಲಿಲ್ಲ. ಬಟ್ಟೆ ತಾನೇ ಒಗೆದಳು. ಊಟಕ್ಕೆ ಕೂತಾಗ ಬೇಯಿಸಿದ ಮೊಟ್ಟೆ ಮೊದಲು ಸೊಸೆಯ ತಟ್ಟೆಗೆ ಬೀಳುತ್ತಿತ್ತು. ಕಷಾಯ ಸೋಸಿದ ಸೋಸಣಿಗೆಯಲ್ಲೇ ಟೀ ಸೋಸಿ ದರ್ಜಿಗೆ ಕೊಟ್ಟಳು.

"ಇವಳೇ, ಈ ಟೀ ಕುಡಿದ್ರೆ ನಾನು ಹೆರ್ತೀನಿ ಅನ್ಸುತ್ತೆ."

"ಹೆತ್ರೆ ಒಳ್ಳೇದೇ, ಯಾರೋ ಒಬ್ರು ಹೆರ್ಲಿ."

ಸೊಸೆ ಮಾತ್ರ ಟೀ ಲೋಟವನ್ನೂ ಮೂಗಿಗೆ ಹಿಡಿದು ನೋಡಿಯೇ ತುಟಿಗಿಡುತ್ತಿದ್ದಳು. ಸಾರಿಗೂ ಹಾಗೆ, ಮಜ್ಜಿಗೆಗೂ ಹಾಗೆ. ಅದನ್ನು ಕಂಡಾಗಲೆಲ್ಲ ಬೇರಮ್ಮನಿಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು. ಆದರೂ ನುಂಗಿಕೊಂಡಳು. ಕೆಲಸ ಆಗಲಿ, ಆಮೇಲೆ ನೋಡಿಕೊಳ್ಳೋಣ ಎಂದು.

ಇನ್ನೊಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಸಾಹುಕಾರ ಸೊಸೆಯನ್ನು ಹಚ್ಚಿಕೊಂಡಿತ್ತು. ಬೆಳಿಗ್ಗೆ ಆ ಹೊತ್ತಿಗೆ ಸರಿಯಾಗಿ ಹಿತ್ತಿಲ ಬಾಗಿಲಿಗೆ ಮೂತಿಯಿಟ್ಟು ಕೂಗುತ್ತಿತ್ತು. ಅವಳು ಹೊರಬಂದರೆ ಬಾಲ ಅಲ್ಲಾಡಿಸುತ್ತಿತ್ತು. ಗುದ್ದುವುದನ್ನು ಬಿಟ್ಟಿತ್ತು. ದರ್ಜಿ ಒಂದು ದಿನ ಬೆನ್ನು ತಿರುಗಿಸಿ ಮುಖ ತೊಳೆದು, ಏನೂ ಆಗದೆ ನೆಟ್ಟಗೆ ನಿಂತು, ನಂಬಲಾರದೆ ಇನ್ನೊಮ್ಮೆ ತೊಳೆದ.

"ಪ್ರಾಣಿಗೆ ತಿಳಿಯುತ್ತೆ ರೀ," ಎಂದು ಬೇರಮ್ಮ ಪಿಸುಗುಟ್ಟಿದಳು. "ಅವಳ ಮೈಯಲ್ಲಿ ಏನೋ ಬದಲಾಗ್ತಾ ಇದೆ. ಅದಕ್ಕೇ ಅದು ಅವಳ ಹಿಂದೆ ಹಿಂದೆ."

"ಅವಳ ಮೈಗಿಂತ ಅದರ ಮೈ ಬದಲಾಗಿದೆ ಕಣೇ. ನೋಡು, ಹೇಗೆ ಗುಂಡಗಾಗಿದೆ. ಬೀಗಿತ್ತಿ ಥರ ಕೂತಿದೆ."

ಬೆದೆಯ ಕಾಲ ಬಂತು. ಇಟ್ಟಿಗೆ ಗೂಡಿನವನು ಎಂದಿನಂತೆ ತನ್ನ ಮೇಕೆಗಳನ್ನು ಹೊಡೆದುಕೊಂಡು ಬಂದ. ಅವನದು ಗೂಡಿನ ಕೆಲಸದ ಜೊತೆಗೆ ಮೇಕೆಯ ದೊಡ್ಡ ಮಂದೆ. ಬೇರಮ್ಮನ ಹಳೆಯ ಗಿರಾಕಿ. ಮೇಕೆಗಳನ್ನು ಎರಡು ದಿನ ಬಿಟ್ಟು, ಸಾಹುಕಾರನ ಬೆನ್ನು ತಟ್ಟಿ, ವಾಪಸ್ಸು ಹೊಡೆದುಕೊಂಡು ಹೋದ. ಮೂರು ವಾರ ಕಳೆಯಿತು. ಗಬ್ಬ ನಿಂತಿದ್ದರೆ ಅವು ಸುಮ್ಮನಿರಬೇಕಿತ್ತು. ಅವು ಒಂದೊಂದಾಗಿ ಮತ್ತೆ ಬೆದೆಗೆ ಬಂದವು. ಅವನು ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದ.

"ಬೇರಮ್ಮಾ, ನಿಮ್ಮ ಸಾಹುಕಾರರು ನಮ್ಮ ಮೇಕೆಗಳ ಜೊತೆ ಹುಲ್ಲು ತಿಂದು, ಕಷ್ಟಸುಖ ಮಾತಾಡಿ ಕಳಿಸಿದ್ದಾರೆ, ಅಷ್ಟೆ. ಬೇರೆ ಏನೂ ನಡೆದಿಲ್ಲ."

"ನಿನ್ನ ಮೇಕೆಗಳು ಗೂಡಿನ ಹೊಗೆ ಕುಡಿದು ಕುಡಿದು ಬತ್ತಿ ಹೋಗಿವೆ. ಎಳ್ಕೊಂಡು ಬಾ ಇಲ್ಲಿ, ಬೇರಿನ ಕಷಾಯ ಹಾಕ್ತೀನಿ."

ಕಿಟಕಿಯ ಹತ್ತಿರದಿಂದ ದರ್ಜಿ ಕೆಮ್ಮಿದ. "ಇವಳೇ. ಮೊದಲು ಹೋತದ ವಿಚಾರ ಅಲ್ವಾ ನೀನು ಕೇಳೋದು?"

"ನಮ್ಮ ಹೋತದ ವಿಚಾರ ಕೇಳೋದೇನಿದೆ? ಅದು ಸಾಹುಕಾರ!"

"ಹೆಸರು ನಾವೇ ಇಟ್ಟಿದ್ದಲ್ವೇನೇ."

ಇಟ್ಟಿಗೆ ಗೂಡಿನವನು ನಕ್ಕುಬಿಟ್ಟ. ಆ ನಗು ಬೇರಮ್ಮನಿಗೆ ಮೈಯೆಲ್ಲ ಉರಿಸಿತು. "ಆಯ್ತು. ಪ್ರಾಣಿ ಡಾಕ್ಟ್ರನ್ನ ಕರೆಸ್ತೀನಿ. ನಿನ್ನ ಎದುರಿಗೇ ಪರೀಕ್ಷೆ ಆಗ್ಲಿ. ನಮ್ಮದರಲ್ಲಿ ಹುಳುಕಿಲ್ಲ ಅಂತ ಗೊತ್ತಾದ್ಮೇಲೆ ನೀನು ಈ ಬಾಗಿಲಲ್ಲಿ ನಿಂತು ತಪ್ಪಾಯ್ತು ಅನ್ಬೇಕು," ಎಂದಳು.

ಅದೇ ವಾರ ಮನೆಯೊಳಗೆ ಇನ್ನೊಂದು ಸಿಡಿಲು ಬಿತ್ತು. ರಾತ್ರಿ ಊಟದ ತಟ್ಟೆ ತೆಗೆಯುತ್ತ ಸೊಸೆ ಹೇಳಿದಳು. "ದೊಡ್ಡ ಹಾಲಿನ ಕಾರ್ಖಾನೆ ಇದೆಯಲ್ಲ ಆಚೆ ಊರಲ್ಲಿ, ಅಲ್ಲಿ ಪರೀಕ್ಷೆ ವಿಭಾಗಕ್ಕೆ ನನ್ನ ಕರೀತಿದ್ದಾರೆ. ಇರೋದಕ್ಕೆ ಕ್ವಾರ್ಟರ್ಸ್ ಕೊಡ್ತಾರಂತೆ. ಮುಂದಿನ ವಾರದೊಳಗೆ ಹೇಳ್ಬೇಕು."

ಮಗ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದ. "ಮತ್ತೆ ನಾನು?"

"ಬರೋದಾದ್ರೆ ಬನ್ನಿ."

"ನನ್ನ ಅಂಗಡಿ ಇಲ್ಲಿದೆ."

"ಹಾಗಾದ್ರೆ ನಾನೊಬ್ಬಳೇ ಹೋಗ್ತೀನಿ. ಇಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗ್ತೀನಿ, ಒಬ್ಬಳೇ ಸೂಜಿ ಚುಚ್ಚಿಸ್ಕೋತೀನಿ, ಒಬ್ಬಳೇ ಕಷಾಯ ತಗೋತೀನಿ. ಅಲ್ಲೂ ಒಬ್ಬಳೇ ಇದ್ರೆ ಏನು ಹೆಚ್ಚುಕಮ್ಮಿ?"

"ನೋಡು, ಹೀಗೆಲ್ಲ ಎದುರಾಡೋದು..."

"ರೀ, ಪಂಪು ನೀರು ಎತ್ತದಿದ್ರೆ ನೀವು ಬಾವೀನೇ ಬೈಕೊಂಡು ಕೂತ್ಕೋತೀರಾ?"

ದರ್ಜಿಗೆ ನೀರು ಗಂಟಲಲ್ಲಿ ಸಿಕ್ಕಿಕೊಂಡಿತು. ಮಗ ಕೈ ತೊಳೆದು ಎದ್ದು ಹೋದ. ಬೇರಮ್ಮ ತಟ್ಟೆಯ ಮೇಲೆ ತಟ್ಟೆ ಪೇರಿಸುತ್ತ ನಿಂತಳು. ಸೊಸೆ ಹೋಗುತ್ತಾಳೆ ಎನ್ನುವುದು ಬಾಯಿಮಾತಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಆ ಹುಡುಗಿ ಹಾಲಿಗೆ ನೀರು ಬೆರೆತಿದೆ ಎಂದಳೆಂದರೆ ಬೆರೆತಿರುತ್ತಿತ್ತು.

ಪ್ರಾಣಿ ಡಾಕ್ಟರು ಗುರುವಾರ ಬಂದಳು. ಇನ್ನೂ ಚಿಕ್ಕ ವಯಸ್ಸು, ಮೊಣಕಾಲವರೆಗೆ ರಬ್ಬರ್ ಬೂಟು. ಇಟ್ಟಿಗೆ ಗೂಡಿನವನು ಸಾಕ್ಷಿಗೆಂದು ತನ್ನದೊಂದು ಮೇಕೆ ಹಿಡಿದು ಬಂದಿದ್ದ. ಅದನ್ನು ಎದುರಿಗೆ ನಿಲ್ಲಿಸಿ, ಸಾಹುಕಾರನನ್ನು ಬಿಟ್ಟು, ಡಾಕ್ಟರು ಬೇಕಾದ್ದನ್ನು ಗಾಜಿನ ನಳಿಕೆಯಲ್ಲಿ ಹಿಡಿಯುವ ಹೊತ್ತಿಗೆ ಹಣೆಯಲ್ಲಿ ಬೆವರು ಬಂತು. ಸಾಹುಕಾರ ಮೇಕೆಯ ಕಿವಿಯನ್ನು ಒಮ್ಮೆ ನೆಕ್ಕಿ, ಮುಂದೇನು ಎಂಬಂತೆ ಬೇರಮ್ಮನ ಮುಖ ನೋಡಿತ್ತು.

"ಇದಕ್ಕೆ ಯಾಕೋ ಮನಸ್ಸೇ ಇದ್ದಂತಿಲ್ಲ," ಎಂದಳು ಡಾಕ್ಟರು. "ಸೂಕ್ಷ್ಮದರ್ಶಕ ಇಡೋಕೆ ಅಲುಗಾಡದ ಜಾಗ ಬೇಕು, ಬೆಳಕೂ ಬೇಕು."

ಮನೆಯಲ್ಲಿ ಅಂಥ ಜಾಗ ಒಂದೇ. ದರ್ಜಿ ಯಾರದೋ ಪ್ಯಾಂಟು ಸರಿಸಿ ಹೊಲಿಗೆ ಯಂತ್ರದ ಮೇಜನ್ನು ಬಿಟ್ಟುಕೊಟ್ಟ. "ನನ್ನ ಯಂತ್ರದ ಮೇಲೆ ಏನೇನು ಬರ್ಬೇಕಿತ್ತೋ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಡಾಕ್ಟರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಅಜ್ಜಿ, ಇದರಲ್ಲಿ ವೀರ್ಯಾಣು ತುಂಬಾ ಕಮ್ಮಿ. ಇರೋವೂ ನಿದ್ದೆ ಮಾಡ್ತಿರೋ ಹಾಗಿವೆ. ತಪ್ಪು ಮೇಕೆಗಳದ್ದಲ್ಲ."

ಇಟ್ಟಿಗೆ ಗೂಡಿನವನು ಬಾಯಿ ಬಿಡುವಷ್ಟರಲ್ಲಿ ಬೇರಮ್ಮ ಕೈ ಎತ್ತಿದಳು. "ನೀನು ಸುಮ್ನಿರು."

"ಹೋದ ವರ್ಷ ಚೆನ್ನಾಗಿತ್ತು ಅಂತೀರಿ. ಇತ್ತೀಚೆಗೆ ತಿನ್ನೋದ್ರಲ್ಲಿ ಏನಾದ್ರೂ ಬದಲಾವಣೆ? ಹೊಸ ಮೇವು, ಸೊಪ್ಪು, ಔಷಧಿ?"

"ಏನೂ ಇಲ್ಲ. ಅದೇ ಹುಲ್ಲು, ಅದೇ ಹಿಂಡಿ, ಅದೇ ನೀರು."

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. "ನೀರಲ್ಲಿ ಬದಲಾವಣೆ ಇದೆ," ಎಂದಳು.

ಎಲ್ಲರೂ ತಿರುಗಿದರು.

"ಅತ್ತೆ ನನಗೆ ದಿನಾ ಕೊಡೋ ಕಷಾಯ... ಅದನ್ನ ನಾನು ಸಾಹುಕಾರನ ನೀರಿನ ಬೋಗುಣಿಗೆ ಹುಯ್ತಾ ಇದ್ದೆ. ಬೇರೆ ಎಲ್ಲಿ ಚೆಲ್ಲಿದ್ರೂ ವಾಸನೆ ಬಂದು ಅತ್ತೆಗೆ ಗೊತ್ತಾಗ್ತಿತ್ತು. ಅದರ ಹತ್ರ ಮಾತ್ರ ಯಾವ ವಾಸನೇನೂ ಗೊತ್ತಾಗಲ್ಲ. ಬೆಲ್ಲ ಇತ್ತಲ್ಲ, ಅದು ಇಷ್ಟಪಟ್ಟು ಕುಡೀತಿತ್ತು."

ಹೊರಗೆ ಸಾಹುಕಾರ, ತನ್ನ ಹೊತ್ತು ತಪ್ಪಿತೆಂದು, ಬಾಗಿಲಿಗೆ ಮೂತಿಯೊರೆಸಿ ಸಣ್ಣದಾಗಿ ಕೂಗಿತು.

"ಹೆಣ್ಣಿಗೆ ಅಂತ ಕಾಸಿದ್ದು," ಎಂದಳು ಬೇರಮ್ಮ ಕೊನೆಗೆ. ಧ್ವನಿ ಎಲ್ಲೋ ಒಳಗಿನಿಂದ ಬಂತು. "ಬೆದೆಗೆ ಬರೋ ಕಷಾಯ. ಹೋತಕ್ಕೆ! ನನ್ನ ಸಾಹುಕಾರನಿಗೆ!"

ದರ್ಜಿ ಪ್ಯಾಂಟಿನಲ್ಲಿ ಮುಖ ಮುಚ್ಚಿಕೊಂಡ. ಭುಜ ಮಾತ್ರ ಕುಣಿಯುತ್ತಿತ್ತು. ಇಟ್ಟಿಗೆ ಗೂಡಿನವನು ಮರ್ಯಾದೆಗೆಂದು ಗೋಡೆಯ ಕಡೆ ತಿರುಗಿ ನಿಂತ.

"ಅದರಿಂದಲೇ ಹೀಗಾಯ್ತು ಅಂತ ನಾನು ಖಂಡಿತ ಹೇಳಲಾರೆ," ಎಂದಳು ಡಾಕ್ಟರು, ನಗು ತಡೆದುಕೊಂಡು. "ಆದ್ರೆ ಆಗಿರಬಹುದು. ಗಿಡಮೂಲಿಕೆಗೆ ಶಕ್ತಿ ಇರುತ್ತೆ. ಕೆಲವು ಹೆಣ್ಣಿಗೆ ಒಳ್ಳೇದು, ಗಂಡಿಗೆ ಆಗಲ್ಲ. ಎಷ್ಟು, ಯಾರಿಗೆ, ಎಷ್ಟು ದಿನ ಅಂತ ತಿಳೀದೆ ಕೊಡಬಾರದು. ಇದನ್ನ ನಿಲ್ಸಿ. ಒಂದೆರಡು ತಿಂಗಳಾದ ಮೇಲೆ ಮತ್ತೆ ನೋಡೋಣ. ಮನುಷ್ಯರಿಗೂ ಅಷ್ಟೆ ಅಜ್ಜಿ, ಯಾರಲ್ಲಿ ಏನಿದೆ ಅಂತ ನೋಡ್ದೆ ಕುಡಿಸ್ಬೇಡಿ."

ಬೇರಮ್ಮ ಅದರಲ್ಲಿ ಒಂದೇ ಮಾತನ್ನು ಹಿಡಿದುಕೊಂಡಳು. "ಕೇಳಿದ್ಯೇನೋ?" ಎಂದಳು ಇಟ್ಟಿಗೆ ಗೂಡಿನವನಿಗೆ. "ಡಾಕ್ಟ್ರ ಬಾಯಿಂದಲೇ ಬಂತು. ನನ್ನ ಬೇರಿಗೆ ಶಕ್ತಿ ಇದೆ."

"ಇದೆ ಇದೆ. ಅದಕ್ಕೇ ನಾನು ಈ ಸಲ ಕೆರೆ ಆಚೆಯವರ ಹೋತಕ್ಕೆ ಬಿಡ್ತೀನಿ," ಎಂದು ಅವನು ಮೇಕೆಯ ಹಗ್ಗ ಹಿಡಿದು ಹೊರಟ. ಸಂಜೆಯೊಳಗೆ ಕಥೆ ಉಪ್ಪುಖಾರ ಹಚ್ಚಿಕೊಂಡು ನಲ್ಲಿಯ ಬಳಿ ಮುಟ್ಟಿತ್ತು.

ಎರಡು ದಿನ ಅತ್ತೆ ಸೊಸೆಯರ ನಡುವೆ ಮಾತಿಲ್ಲ. ಮಾತೆಲ್ಲ ದರ್ಜಿಯ ಮೂಲಕ ಹಾಯುತ್ತಿತ್ತು.

"ರೀ, ಅವಳನ್ನ ಕೇಳಿ, ಉಪ್ಪು ಡಬ್ಬಿ ಎಲ್ಲಿಟ್ಟಿದಾಳೆ ಅಂತ."

"ಮಾವ, ಎಡಗಡೆ ಶೆಲ್ಫಲ್ಲಿದೆ ಅಂತ ಹೇಳಿ."

"ಇಬ್ರೂ ನನ್ನ ಈಕಡೆ ಒಬ್ರು ಆಕಡೆ ಒಬ್ರು ಹಿಡ್ಕೊಂಡು ಎಳೆದು ಹರಿದುಬಿಡಿ, ಆಮೇಲೆ ನಾನೇ ಹೊಲ್ಕೋತೀನಿ," ಎಂದ ದರ್ಜಿ.

ಶನಿವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಬೇರಮ್ಮನ ಬಾಯಿ ತಡೆಯಲಿಲ್ಲ. "ಬೇಡ ಅನ್ಸಿದ್ರೆ ಮುಖಕ್ಕೆ ಹೇಳ್ಬೇಕಿತ್ತು. ಬೆನ್ನ ಹಿಂದೆ ಚೆಲ್ಲೋದು ಯಾವ ಮರ್ಯಾದೆ?"

"ಹೇಳಿದ್ದೆ ಅತ್ತೆ. ಮೊದಲ ದಿನಾನೇ ಹೇಳಿದ್ದೆ. ನೀವು ಕೇಳಿಸ್ಕೊಳ್ಳಲಿಲ್ಲ." ಸೊಸೆ ಗಂಡನ ತಟ್ಟೆಗೆ ಅನ್ನ ಹಾಕಿದಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಬ್ಬ ನಿಲ್ಲದ ಮೇಕೆ ತಂದವರಿಗೆ ನೀವು ಮೊದಲು ಏನು ಕೇಳ್ತೀರಾ?"

"ಏನು ಕೇಳ್ತೀನಿ? ಹೋತ..."

ಮುಂದಿನ ಮಾತು ಬೇರಮ್ಮನ ಬಾಯಲ್ಲೇ ಉಳಿಯಿತು. ದರ್ಜಿ ತಟ್ಟೆಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದ.

"ನಾನೇನು ಹೋತವಾ?" ಎಂದ ಮಗ, ಕಿವಿ ಕೆಂಪಾಗಿ.

"ಅಲ್ಲಪ್ಪ," ಎಂದ ದರ್ಜಿ. "ಹೋತ ಆದ್ರೂ ಡಾಕ್ಟ್ರು ಬಂದಾಗ ಸುಮ್ನೆ ನಿಂತಿತ್ತು."

ಮಗ ಧಡಕ್ಕನೆ ಎದ್ದವನು ಚಪ್ಪಲಿ ಹುಡುಕದೆಯೇ ಹೊರಟುಹೋದ. ರಾತ್ರಿ ಹೊರಗೆಲ್ಲೋ ಉಂಡು ಬಂದು ಮುಸುಕೆಳೆದು ಮಲಗಿದ. ಸೊಸೆ ಹೊದಿಕೆ ತುಂಬಿಟ್ಟಿದ್ದ ಹಳೆಯ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು, ಖಾಲಿ ಮಾಡಿ, ಒಳಗೆಲ್ಲ ಒರೆಸಿ ತೆರೆದಿಟ್ಟಳು. ಆ ಬಾಯಿ ತೆರೆದ ಟ್ರಂಕನ್ನು ದಾಟಿಕೊಂಡೇ ಬೇರಮ್ಮ ಬೆಳಿಗ್ಗೆ ಒಲೆಯ ಹತ್ತಿರ ಹೋಗಬೇಕಾಯಿತು.

ಹೋದಳು. ಚಿಕ್ಕ ಗಡಿಗೆಯನ್ನು ಕೈಗೆತ್ತಿಕೊಂಡಳು. ಬೂದಿ ಹಾಕಿ ತಿಕ್ಕಿ ತೊಳೆದಳು. ಮೂಸಿ ನೋಡಿದಳು, ಮತ್ತೆ ತೊಳೆದಳು. ಆಮೇಲೆ ಅದರಲ್ಲಿ ಉಪ್ಪು ತುಂಬಿ ಶೆಲ್ಫಿನ ಮೇಲಿಟ್ಟಳು. ಮಗನ ಊಟದ ಡಬ್ಬಿ ಕಟ್ಟಿಕೊಂಡು, ಭಾನುವಾರವೂ ತೆರೆದಿರುತ್ತಿದ್ದ ಅವನ ಅಂಗಡಿಗೆ ನಡೆದಳು.

ಅಂಗಡಿ ಎಂದರೆ ಎಣ್ಣೆ ಹಿಡಿದ ನೆಲ, ಗೋಡೆಗೆ ನೇತುಹಾಕಿದ ಬೆಲ್ಟುಗಳು, ಹೊಟ್ಟೆ ಬಿಚ್ಚಿ ಮಲಗಿಸಿದ ಪಂಪುಗಳು. ಬೇರಮ್ಮ ಮೂಲೆಯ ಬೆಂಚಿನ ಮೇಲೆ ಕೂತಳು. ಮಗ ಅವಳನ್ನು ಕಂಡೂ ಕಾಣದವನಂತೆ ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದ.

"ಪಂಪು ಹೊಸದು ಮಾರಾಯ, ಅದರಲ್ಲಿ ಏನಿರತ್ತೆ ದೋಷ?" ಎನ್ನುತ್ತಿದ್ದ ಗಿರಾಕಿ. "ಬಾವೀಲೇ ಏನೋ ಆಗಿದೆ. ಬಾವಿ ತೋಡಿಸ್ಬೇಕು ಅಂತಿದೀನಿ."

"ಬಾವೀಲಿ ನೀರಿದೆಯಾ?"

"ಇದೆ, ಕಾಣುತ್ತೆ."

"ನೀರು ಕಾಣೋ ಬಾವೀನ ಯಾಕೆ ತೋಡ್ತೀರಾ? ಹೊಸದಾದ್ರೇನು, ಹಳೇದಾದ್ರೇನು, ಮೊದಲು ಪಂಪು ಬಿಚ್ಚಿ ನೋಡೋಣ. ಸಣ್ಣದೊಂದು ವಾಷರ್ ಹೋಗಿದ್ರೂ ನೀರು ಎತ್ತಲ್ಲ. ಬಿಚ್ಚಿದ್ರೆ ಏನು ನಿಮ್ಮ ಮಾನ ಹೋಗುತ್ತಾ?"

ಹೇಳಿ ಮುಗಿಸಿದವನು ಯಾಕೋ ತಲೆ ಎತ್ತಿದ. ತಾಯಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಏನಮ್ಮ ಹಾಗೆ ನೋಡ್ತೀಯ?"

"ಏನಿಲ್ಲಪ್ಪ. ಬಿಚ್ಚು, ಪಂಪು ಬಿಚ್ಚು."

ಗಿರಾಕಿ ಹೋದ ಮೇಲೆ ಮಗ ಬಟ್ಟೆಯಲ್ಲಿ ಕೈ ಒರೆಸಿದ, ಒರೆಸಿದ್ದನ್ನೇ ಒರೆಸಿದ. "ನನ್ನಲ್ಲೇ ಏನೋ ಇದೆ ಅಂತ ಬಂದ್ರೆ?"

"ಬಂದ್ರೆ ಏನು? ನೋಡ್ತಾರೆ, ಸರಿ ಮಾಡಕ್ಕಾದ್ರೆ ಮಾಡ್ತಾರೆ."

"ಬೀದಿಯೋರು ನಿನ್ನ ಏನಂತಾರೆ? ಬೇರಮ್ಮನ ಮಗನೇ ಹೀಗಂತೆ ಅನ್ನಲ್ವಾ?"

"ಬೇರಮ್ಮನ ಹೋತ ಕಷಾಯ ಕುಡಿದು ಹೆಣ್ಣಾಯ್ತಂತೆ ಅಂತ ಆಗ್ಲೇ ಅಂತಿದಾರಲ್ಲೋ. ಅದಕ್ಕಿಂತ ಕೆಳಗಿನದು ಏನು ಉಳಿದಿದೆ?" ಬೇರಮ್ಮ ಡಬ್ಬಿ ಬಿಚ್ಚಿ ಅವನ ಮುಂದಿಟ್ಟಳು. "ಬೀದಿಯೋರು ಬಂದು ನಮ್ಮ ಮೇಕೆ ಹಾಲು ಕರೆದು ಕೊಡಲ್ಲ. ಆ ಹುಡುಗಿ ಟ್ರಂಕು ಒರೆಸಿಟ್ಟಿದಾಳೆ. ಅವಳು ಅದಕ್ಕೆ ಬಟ್ಟೆ ತುಂಬಿದ್ಮೇಲೆ ನೀನು ಯಾವ ಪಂಪು ಬಿಚ್ಚಿದ್ರೂ ಏನೂ ಉಪಯೋಗ ಇಲ್ಲ."

ಮಗ ಡಬ್ಬಿಯನ್ನು ಬದಿಗೆ ಸರಿಸಿದ. ಆಮೇಲೆ ಕೇಳಿದ, "ನಿನ್ನ ಬೇರು ಏನಾದ್ರೂ ಕೊಡ್ತೀಯಾ? ನನಗೆ? ಆಸ್ಪತ್ರೆ ಇಲ್ದೆ?"

ಬೇರಮ್ಮನಿಗೆ ಒಂದು ಗಳಿಗೆ ನಾಲಿಗೆಯ ತುದಿಗೆ ಬಂತು. ಅದಕ್ಕೂ ಒಂದು ಬೇರಿದೆ, ಬೇಲಿಯ ಆಚೆ ಮಗ್ಗುಲಲ್ಲೇ ಇದೆ. ನುಂಗಿಕೊಂಡಳು. "ಕೊಡಲ್ಲ. ಮೊದಲು ಬಿಚ್ಚಿ ನೋಡ್ಲಿ."

ಸೋಮವಾರ ಬೆಳಿಗ್ಗೆ ಹಾಲು ಕರೆದಾದ ಮೇಲೆ ಸೊಸೆ ಅಡುಗೆಮನೆಗೆ ಬಂದಾಗ ಗಂಡ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ನಿಂತಿದ್ದ.

"ಎಲ್ಲಿಗೆ?" ಎಂದಳು.

"ಗೊತ್ತಿದ್ದೂ ಕೇಳ್ಬೇಡ. ಸ್ಕೂಟರ್ ಕೀ ಎಲ್ಲಿದೆ?"

"ನಾನೇ ಓಡಿಸ್ತೀನಿ. ನೀವು ದಾರೀಲಿ ತಿರುಗಿಸ್ಕೊಂಡು ಬಂದ್ಬಿಡ್ತೀರಾ."

ಅವಳು ನಗಲಿಲ್ಲ. ಆದರೆ ಮಂಚದ ಕಡೆ ಹೋಗಿ ಟ್ರಂಕಿನ ಮುಚ್ಚಳ ಹಾಕಿದಳು. ಒಳಗೆ ಇನ್ನೂ ಏನೂ ತುಂಬಿರಲಿಲ್ಲ.

ಬೇರಮ್ಮ ಟೀ ಕಾಸಿದಳು. ಹೊಸ ಸೋಸಣಿಗೆಯಲ್ಲಿ ಸೋಸಿದಳು. ಲೋಟವನ್ನು ಸೊಸೆಯ ಕಡೆ ಚಾಚಿದವಳು, ಸೊಸೆಯ ಮೂಗು ಅಭ್ಯಾಸದಿಂದ ಮುಂದೆ ಬರುವುದನ್ನು ಕಂಡು, ಲೋಟವನ್ನು ಹಿಂದಕ್ಕೆ ತಂದಳು. ಎಲ್ಲರ ಎದುರಿಗೆ ತಾನೇ ಒಂದು ಗುಟುಕು ಕುಡಿದಳು. ನುಂಗಿದಳು. ಮತ್ತೆ ಚಾಚಿದಳು.

"ಬರೀ ಟೀ," ಎಂದಳು.

ಸೊಸೆ ಲೋಟ ತೆಗೆದುಕೊಂಡಳು. ಮೂಸದೆ ಕುಡಿದಳು. ದರ್ಜಿ ಸೂಜಿಯನ್ನು ಬೆಳಕಿಗೆ ಹಿಡಿದವನು ಹಾಗೆಯೇ ಹಿಡಿದಿದ್ದ.

"ಕಾರ್ಖಾನೆಯೋರಿಗೆ ಏನು ಹೇಳ್ತೀಯಮ್ಮ?" ಎಂದು ಕೇಳಿದ.

"ಬುಧವಾರದವರೆಗೆ ಟೈಮಿದೆ ಮಾವ. ಮೊದಲು ಇವರು ಒಳಗೆ ಹೋಗ್ಲಿ."

ಸ್ಕೂಟರ್ ಹಿತ್ತಿಲಲ್ಲಿತ್ತು. ಸೊಸೆ ಅದನ್ನು ಬೇಲಿಯ ಬಾಗಿಲ ಹತ್ತಿರ ತಂದು ನಿಲ್ಲಿಸಿದಳು. ಮಗ ಎರಡು ಹೆಜ್ಜೆ ನಡೆದು ನಿಂತ. ಬಟ್ಟೆ ಒಗೆಯುವ ಕಲ್ಲಿಗೆ ಬೆನ್ನು ಮಾಡಿ, ಬಗ್ಗಿ, ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ. "ಅಲ್ಲ, ಇವತ್ತು ಒಂದು ದೊಡ್ಡ ಮೋಟಾರು ಬರೋದಿತ್ತು. ನಾಳೆ ಹೋದ್ರೆ..."

ಕಷಾಯ ನಿಂತು ನಾಲ್ಕು ದಿನವಾಗಿತ್ತು. ಬೆಲ್ಲದ ನೀರು ಸಿಗದ ಸಾಹುಕಾರ ಬೆಳಗಿನಿಂದ ಮುಖ ಊದಿಸಿಕೊಂಡಿತ್ತು. ಹಗ್ಗದ ಉದ್ದ ಅದಕ್ಕೆ ಗೊತ್ತು. ಎರಡು ಹೆಜ್ಜೆ ಹಿಂದೆ ಸರಿಯಿತು, ತಲೆ ತಗ್ಗಿಸಿತು, ಬಂದು ಗುದ್ದಿತು. ಮಗ ಮುಗ್ಗರಿಸಿ ನೇರ ಸ್ಕೂಟರಿನ ಹಿಂದಿನ ಸೀಟು ಹಿಡಿದುಕೊಂಡ.

"ಕೂತ್ಕೊಳ್ಳಿ," ಎಂದಳು ಸೊಸೆ. ಈಗ ಅವಳಿಗೂ ನಗು ತಡೆಯಲಾಗಲಿಲ್ಲ.

"ರೀ, ನೋಡಿ ಬನ್ನಿ!" ಎಂದು ಬೇರಮ್ಮ ಒಳಕ್ಕೆ ಕೂಗಿದಳು. "ಸಾಹುಕಾರ ಸರಿಯಾಗ್ತಾ ಇದೆ!"

ಸ್ಕೂಟರ್ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬೇಲಿ ಹಿಡಿದು ನಿಂತಿದ್ದಳು. ಮುಂದೆ ಕೂತವಳು ಸೊಸೆ. ಹಿಂದೆ, ಒಂದು ಕೈಯಲ್ಲಿ ಅವಳ ಭುಜ, ಇನ್ನೊಂದರಲ್ಲಿ ತನ್ನ ಬೆನ್ನಿನ ಕೆಳಗೆ ಹಿಡಿದುಕೊಂಡು ಮಗ. ನಾಲ್ಕು ವರ್ಷ ಹೋಗದವನು ಆ ಮನೆಯಿಂದ ಆಸ್ಪತ್ರೆಗೆ ಹೊರಟದ್ದು ಹೀಗೆ, ಚಳಿ ಹಿಡಿದ ಮೇಲಿನ ಒಂದು ಸೋಮವಾರ.